ಮುಷ್ಟಿಯೊಳಗಿನ ನೊಣ

"ಚಿತ್ತೇಶ್ ಇಲ್ಲೇ ಕೂತಿದ್ದ ಮೇಡಂ. ಈ ಕಲ್ಲಿನ ಮೇಲೆ. ಬೆಂಕಿ ಕಡೆ ಮುಖ ಮಾಡ್ಕಂಡು."

ಸೂರ್ಯಪ್ರಕಾಶ್ ಬೂಟಿನ ತುದಿಯಿಂದ ಕಲ್ಲನ್ನು ಮುಟ್ಟಿ ತೋರಿಸಿದ. ಸಬ್ ಇನ್‌ಸ್ಪೆಕ್ಟರ್ ಮಧುಶ್ರೀ ಕಲ್ಲನ್ನು ನೋಡಲಿಲ್ಲ, ಬೂಟನ್ನು ನೋಡಿದಳು. ಹೊಸ ಬೂಟು. ಕಣಕಾಲಿನವರೆಗೂ ಕೆಸರು ಒಣಗಿ ಗೆರೆ ಕಟ್ಟಿತ್ತು.

"ಕೂತು ಏನು ಮಾಡ್ತಿದ್ದ?"

"ನೊಣ ಕಟ್ತಿದ್ದ. ಅದೇ, ನಿಮ್ಮ ಕೈಲಿರೋದು. ಸಾರಿಗೆ ಕೋಳಿ ಕುಯ್ದಿದ್ವಲ್ಲ, ಅದರದ್ದೇ ಒಂದು ಗರಿ ಕಿತ್ಕಂಡು ಗಾಳದ ಮುಳ್ಳಿಗೆ ಸುತ್ತಿ ಸುತ್ತಿ ಕಟ್ಟಿ, ತನ್ನ ಕಾಲರಿಗೇ ಚುಚ್ಕಂಡ. ಕಣ್ಣಾರೆ ನೋಡಿದೀನಿ. ನಿನ್ನೆ ಸರ್ಕಲ್ ಸಾಹೇಬ್ರ ಹತ್ರಾನೂ ಇದೇ ಹೇಳಿ ಸೈನ್ ಹಾಕಿದೀನಿ."

ಮಧುಶ್ರೀ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರನ್ನು ಬಿಸಿಲಿಗೆ ಹಿಡಿದಳು. ಒಳಗಿದ್ದದ್ದು ಬೆರಳ ತುದಿಗಿಂತ ಚಿಕ್ಕದೊಂದು ಹುಸಿ ನೊಣ. ಹೊಟ್ಟೆಗೆ ಕಪ್ಪು ಉಣ್ಣೆ, ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿ, ಕತ್ತಿನ ಸುತ್ತ ಮಿರುಗುವ ಕೆಂಬಣ್ಣದ ಗರಿ. ಎರೆಹುಳ ಚುಚ್ಚದೆ, ಇಂಥದ್ದನ್ನು ನೀರ ಮೇಲೆ ಎಸೆದು ಮೀನನ್ನು ಏಮಾರಿಸುವುದಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆಂದು ಅವಳಿಗೆ ಗೊತ್ತಾದದ್ದೇ ನಿನ್ನೆ.

ನಿನ್ನೆ ಬೆಳಗ್ಗೆ ಆರೂವರೆಗೆ ಗುಡ್ಡದಕಟ್ಟೆ ಕೆರೆಯ ತೂಬಿನ ಪಕ್ಕ, ತಲೆಗೆ ಏಟು ಬಿದ್ದು ಅರ್ಧ ಮೈ ನೀರಿನಲ್ಲಿ ಸಿಕ್ಕಿದ ರೇಣುಕಪ್ರಸಾದನ ಬಲಗೈ ಮುಷ್ಟಿಯನ್ನು ಬಿಡಿಸಿದಾಗ ಒಳಗಿದ್ದದ್ದು ಈ ನೊಣ. ಅವನಿನ್ನೂ ತುಮಕೂರಿನ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಕೆರೆ ದಂಡೆಯಲ್ಲಿ ಟೆಂಟು ಹಾಕಿದ್ದವರು ಮೂವರು. ತಿಪಟೂರಿನಲ್ಲಿ ತೆಂಗಿನ ನಾರಿನ ಕಾರ್ಖಾನೆ ಇಟ್ಟಿದ್ದ ರೇಣುಕಪ್ರಸಾದ್, ಅವನ ಹೆಂಡತಿಯ ತಮ್ಮ ಸೂರ್ಯಪ್ರಕಾಶ್, ಹೈಸ್ಕೂಲಿನಿಂದ ಜೊತೆಗಾರನಾಗಿದ್ದ ಚಿತ್ತೇಶ್. ಚಿತ್ತೇಶನಿಗೆ ಹೊನ್ನವಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುವುದು ಕೆಲಸ. ಮೂವರಲ್ಲಿ ನೊಣ ಕಟ್ಟಲು ಬರುತ್ತಿದ್ದದ್ದು ಅವನೊಬ್ಬನಿಗೇ. ಹಿಂದಿನ ಸಂಜೆ ಅವನಿಗೂ ರೇಣುಕನಿಗೂ ಮಾತಿಗೆ ಮಾತು ಬೆಳೆದಿತ್ತು. ಕೆರೆಯ ವಿಡಿಯೋ ಮೊಬೈಲಿಗೆ ಹಾಕಿ ಊರಿಗೆಲ್ಲ ತೋರಿಸುತ್ತೇನೆಂದು ರೇಣುಕ, ಜನ ಮುತ್ತುತ್ತಾರೆ, ಬೇಡವೇ ಬೇಡವೆಂದು ಚಿತ್ತೇಶ್.

ಹೊಡೆದವನ ಕಾಲರಿನಲ್ಲಿದ್ದ ನೊಣ ಎಳೆದಾಟದಲ್ಲಿ ಕಿತ್ತು ಮುಷ್ಟಿಗೆ ಬಂದಿದೆ ಎಂದು ಸರ್ಕಲ್ ಇನ್‌ಸ್ಪೆಕ್ಟರ್ ಶ್ರೀರಂಗಯ್ಯನವರು ತೀರ್ಮಾನಿಸಿದ್ದರು. ಆ ಹೊತ್ತಿಗೆ ಹಾಲು ತರಲು ತನ್ನ ಹಟ್ಟಿಗೆ ಹೋಗಿದ್ದೆ ಎಂದ ಚಿತ್ತೇಶನ ಮಾತಿಗೆ ಅವನ ತಾಯಿ ಬಿಟ್ಟರೆ ಸಾಕ್ಷಿ ಇರಲಿಲ್ಲ. ಸಂಜೆ ಐದಕ್ಕೆ ದಸ್ತಗಿರಿಯಾಯಿತು. ಇವತ್ತು ಐದರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಒಮ್ಮೆ ಜೈಲು ಸೇರಿದನೆಂದರೆ ಈ ಕಡತವನ್ನು ಮತ್ತೆ ಯಾರೂ ಬಿಚ್ಚಿ ನೋಡುವುದಿಲ್ಲ ಎಂದು ಮಧುಶ್ರೀಗೆ ಗೊತ್ತಿತ್ತು.

ಈಗ ಹನ್ನೊಂದು ಗಂಟೆ.

"ಮೇಡಂ, ಇದೇನಿದು?" ಹೆಡ್ ಕಾನ್‌ಸ್ಟೆಬಲ್ ಹುಚ್ಚರಂಗಯ್ಯ ಟೆಂಟಿನಾಚೆಯಿಂದ ಕೂಗಿದ. "ಮೂರು ಜನಕ್ಕೆ ಎರಡು ಒಲೆ! ನಮ್ಮನೇಲಿ ಅತ್ತೆ ಸೊಸೆ ಜಗಳ ಆದಾಗ್ಲೂ ಒಂದೇ ಒಲೆ."

ಮಧುಶ್ರೀ ಹೋಗಿ ನೋಡಿದಳು. ಟೆಂಟಿನ ಮುಂದೆ ದೊಡ್ಡ ಒಲೆ, ಸುತ್ತ ಸುಟ್ಟ ಕರಟ, ಅಗಿದು ಎಸೆದ ಮೂಳೆ. ಇಪ್ಪತ್ತು ಹೆಜ್ಜೆ ಆಚೆಗೆ, ಗಾಳಿ ಬೀಸುವ ದಿಕ್ಕಿಗೆ, ಮೂರು ಕಲ್ಲಿನ ಇನ್ನೊಂದು ಚಿಕ್ಕ ಒಲೆ. ಅದರ ಮೇಲೆ ಅಲ್ಯೂಮಿನಿಯಂ ಪಾತ್ರೆ, ತಳದಲ್ಲಿ ಒಣಗಿದ ರಾಗಿ ಹಿಟ್ಟು, ಅಂಚಿಗೆ ಹುರುಳಿ ಸಾರಿನ ಕಲೆ. ಅಲ್ಲಿ ಒಂದು ಮೂಳೆಯೂ ಇರಲಿಲ್ಲ.

"ಈ ಒಲೆ ಯಾರದ್ದು?"

ಸೂರ್ಯಪ್ರಕಾಶ್ ಭುಜ ಕುಣಿಸಿದ. "ಚಿತ್ತೇಶಂದೇ. ಅವನು ಹಂಗೇ ಮೇಡಂ, ಎಲ್ಲದ್ರಲ್ಲೂ ಬೇರೆ. ಒಂಟಿ ಪಿಶಾಚಿ."

"ನೀವು ಅವನ ಜೊತೆ ಎಷ್ಟು ಸಲ ಬಂದಿದ್ದೀರಿ ಹಿಂಗೆ?"

"ಇದು ಮೂರನೇದು."

"ಮೂರು ಸಲಾನೂ ಎರಡು ಒಲೆನಾ?"

"ಹ್ಞೂಂ. ನಾನೇನು ಕೇಳೋಕೆ ಹೋಗಿಲ್ಲ."

ಅವನ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ನಿಜಕ್ಕೂ ಕೇಳಿರಲಿಲ್ಲ ಅನ್ನಿಸಿತು. ಅವನನ್ನು ಅಲ್ಲೇ ಇರಲು ಹೇಳಿ ಮಧುಶ್ರೀ ಕೆರೆ ಏರಿ ಹತ್ತಿದಳು.

ಏರಿಯ ಮೇಲೆ ಹೊಂಗೆ ಮರದ ಬುಡದಲ್ಲಿ ಒಬ್ಬ ಹೆಂಗಸು ಬೆಳಗಿನಿಂದಲೂ ಕೂತಿದ್ದಳು. ಚಿತ್ತೇಶನ ತಾಯಿ ಕಾಳಕ್ಕ. ಹಟ್ಟಿ ಇಲ್ಲಿಗೆ ಕಾಣಿಸುತ್ತಿತ್ತು, ಗುಡ್ಡದ ಕೆಳಗೆ ಮುಳ್ಳುಬೇಲಿಯ ಒಳಗೆ ಹತ್ತಿಪ್ಪತ್ತು ಮನೆ. ಕಾಳಕ್ಕ ಅಳುತ್ತಿರಲಿಲ್ಲ. ಪೊಲೀಸಿನವರು ಏನೇನು ಮುಟ್ಟುತ್ತಾರೆಂದು ನೋಡುತ್ತಿದ್ದಳು, ಅಷ್ಟೇ.

"ಕಾಳಕ್ಕ, ನಿಮ್ಮ ಮಗ ಕೋಳಿ ತಿಂತಾನಾ?"

ಮುದುಕಿ ತಲೆಯೆತ್ತಿ ನೋಡಿದಳು. ಇಂಥಾ ಪ್ರಶ್ನೆ ಕೇಳಲು ಸರ್ಕಾರ ಸಂಬಳ ಕೊಡುತ್ತದೆಯೇ ಎಂಬಂತಿತ್ತು ಆ ನೋಟ.

"ಯಾವೂರವ್ವಾ ನಿಂದು?"

"ಅರಳಗುಪ್ಪೆ."

"ಅದುಕ್ಕೇ ಕೇಳ್ತೀಯ. ನಮ್ಮ ಹಟ್ಟಿ ಒಳಕ್ಕೆ ಕೋಳಿ ಬರಂಗಿಲ್ಲ ಕಣವ್ವಾ. ಹಿರೀಕರ ಕಾಲ್ದಿಂದ್ಲೂ ಹಂಗೇಯ. ಸಾಕಾದಿಲ್ಲ, ತಿನ್ನಾದಿಲ್ಲ, ಮುಟ್ಟಾದಿಲ್ಲ. ನಮ್ಮ ದೇವ್ರಿಗೆ ಆಗಲ್ಲ."

"ಅಯ್, ಸುಮ್ಕಿರಕ್ಕ," ಹಿಂದೆಯೇ ಬಂದಿದ್ದ ಹುಚ್ಚರಂಗಯ್ಯ ನಕ್ಕ. "ಈಗಿನ ಹುಡುಗ್ರು ಹುಳಿಯಾರು ಬಸ್ ಸ್ಟ್ಯಾಂಡಲ್ಲಿ ಕಬಾಬ್ ತಿನ್ನಾದ ನಾನೇ ನೋಡಿವ್ನಿ."

"ತಿನ್ನೋರು ತಿಂತಾರೆ, ನಾನ್ಯಾಕೆ ಇಲ್ಲ ಅನ್ನಲಿ? ನನ್ ಮಗ ತಿನ್ನಲ್ಲ. ಹೊನ್ನವಳ್ಳೀಲಿ ಮೆಸ್ಸಿನೋರು ಕೋಳಿ ಬೇಯ್ಸಿದ್ ಪಾತ್ರೇಲೇ ಸಾರು ಮಾಡ್ತಾರೆ ಅಂತ ಅಲ್ಲಿ ಉಣ್ಣಾದೇ ಬುಟ್ಟವ್ನೆ. ಮೂರು ವರ್ಷ ಆತು, ನಾನೇ ಬುತ್ತಿ ಕಟ್ತಿವ್ನಿ. ಕೇಳೋಗಪ್ಪ, ಮೆಸ್ಸಿನೋನ್ನೇ ಕೇಳೋಗು."

ಆಮೇಲೆ ಮಡಿಲಿನಿಂದ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಳು. "ಮನೇಲಿದ್ದುದ್ದು. ನೀವೇ ಬಂದು ಕಿತ್ಕಂಡೋಗಾಕೆ ಮುಂಚೆ ನಾನೇ ತಂದೆ."

ಡಬ್ಬಿಯೊಳಗೆ ಮೂವತ್ತಕ್ಕೂ ಹೆಚ್ಚು ನೊಣ, ಸಾಲಾಗಿ ಥರ್ಮಾಕೋಲಿಗೆ ಚುಚ್ಚಿದ್ದವು. ಕುರಿ ಉಣ್ಣೆ, ಮೇಕೆ ಕೂದಲು, ತೆಂಗಿನ ನಾರು, ಎಲ್ಲದರ ಮೈಗೂ ಸುಟ್ಟ ಮೋಟಾರಿನ ತಾಮ್ರದ ತಂತಿ. ಎಲ್ಲಿಯೂ ಒಂದೇ ಒಂದು ಗರಿ ಇರಲಿಲ್ಲ. ರೆಕ್ಕೆ ಬೇಕಾದ ಕಡೆ ನಾರನ್ನೇ ಹಿಂಜಿ ರೆಕ್ಕೆ ಮಾಡಿದ್ದ.

ಮಧುಶ್ರೀ ಡಬ್ಬಿ ಮುಚ್ಚಿದಳು.

"ಬುಡ್ತೀರೇನವ್ವಾ ನನ್ ಮಗನ್ನ?"

"ಗೊತ್ತಿಲ್ಲ ಕಾಳಕ್ಕ."

ಸುಳ್ಳು ಭರವಸೆ ಕೊಡುವ ಅಭ್ಯಾಸ ಅವಳಿಗಿರಲಿಲ್ಲ. ಮುದುಕಿಗೂ ಅದು ಬೇಕಿದ್ದಂತೆ ಕಾಣಲಿಲ್ಲ. ತಲೆಯಾಡಿಸಿ ಮತ್ತೆ ಕೆರೆಯ ಕಡೆ ತಿರುಗಿದಳು.

ಏರಿ ಇಳಿಯುತ್ತಾ ಹುಚ್ಚರಂಗಯ್ಯ ಹೇಳಿದ, "ತಾಯಿ ಮಾತು ಸಾಹೇಬ್ರು ಒಪ್ಪಲ್ಲ ಮೇಡಂ. ಹಟ್ಟಿ ಪದ್ಧತಿ ಅಂದ್ರೆ, ಕುಡಿದ ಮತ್ತಲ್ಲಿ ಪದ್ಧತಿ ಯಾರಿಗೆ ನೆಪ್ಪಿರ್ತದೆ ಅಂತಾರೆ."

"ಗೊತ್ತು. ಕೋಳಿ ಎಲ್ಲಿ ಕುಯ್ದರಂತೆ ಕೇಳಿ, ಆ ಪುಕ್ಕ ಹುಡುಕಿ."

ಲಂಟಾನ ಪೊದೆಯ ಹಿಂದೆ ಪುಕ್ಕದ ರಾಶಿ ಸಿಕ್ಕಿತು. ಎರಡು ದಿನದಿಂದ ಇರುವೆ ಮುತ್ತಿತ್ತು. ಹುಚ್ಚರಂಗಯ್ಯ ಕೋಲಿನಿಂದ ಕೆದಕಿ, ಆಮೇಲೆ ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಹರಡಿದ. ಬೂದಿ ಬಣ್ಣ, ಮಾಸಲು ಬಿಳಿ. ಮೊಂಡಾದ, ದುಂಡು ತುದಿಯ ಗರಿಗಳು. ತಳದವರೆಗೂ ಅದೇ.

"ಮೇಡಂ," ಅಂದ. ಈಗ ನಗುತ್ತಿರಲಿಲ್ಲ. "ಇದು ಹ್ಯಾಟೆ. ಹೆಣ್ಣು ಕೋಳಿ. ಕವರಲ್ಲಿರೋದು ಹುಂಜದ ಕತ್ತಿನ ಗರಿ. ಚೂಪುಗೆ, ಉದ್ದುಕೆ, ಬಿಸಿಲಿಗೆ ಮಿಂಚ್ತದೆ ನೋಡಿ. ಹ್ಯಾಟೆ ಮೈಮೇಲೆ ಈ ಗರಿ ಹುಟ್ಟಾದಿಲ್ಲ. ಮೂವತ್ತು ವರ್ಷ ಕೋಳಿ ಸಾಕಿರೋ ಮನೆಯೋನು ನಾನು, ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ."

ಮಧುಶ್ರೀ ಆ ಪುಕ್ಕವನ್ನು ಒಂದು ಕವರಿಗೆ ತುಂಬಿಸಿ, ಮೊಹರು ಹಾಕಿಸಿ, ಸೂರ್ಯಪ್ರಕಾಶನ ಎದುರಿಗೆ ಇನ್ನೊಂದು ಕಲ್ಲಿನ ಮೇಲೆ ಇಟ್ಟಳು. ಅದರ ಪಕ್ಕದಲ್ಲಿ ನೊಣದ ಕವರು.

"ಕೂತ್ಕೊಳಿ."

"ಪರವಾಗಿಲ್ಲ ಮೇಡಂ, ನಿಂತಿರ್ತೀನಿ."

"ಕೂತ್ಕೊಳಿ ಅಂದೆ."

ಅವನು ಕೂತ. ಚಿತ್ತೇಶ್ ಕೂತಿದ್ದನೆಂದು ತಾನೇ ತೋರಿಸಿದ್ದ ಕಲ್ಲಿನ ಮೇಲೆ.

"ಮೊನ್ನೆ ಕುಯ್ದದ್ದು ಒಂದೇ ಕೋಳಿನಾ?"

"ಒಂದೇ. ನಾನೇ ತಂದಿದ್ದು."

"ಅದರ ಗರೀನೇ ಕಿತ್ತು ಚಿತ್ತೇಶ್ ಈ ನೊಣ ಕಟ್ಟಿದ."

"ಹೌದು ಅಂದ್ನಲ್ಲ."

"ಈ ಎರಡು ಕವರು ನೋಡಿ. ಈ ಪುಕ್ಕದಲ್ಲಿ ಆ ಬಣ್ಣದ್ದು ಒಂದು ತೋರಿಸಿ ನನಗೆ."

ಸೂರ್ಯಪ್ರಕಾಶ್ ನೋಡಿದ. ಕವರನ್ನು ತಿರುಗಿಸಿ ಮತ್ತೊಮ್ಮೆ ನೋಡಿದ.

"ಬೆಂಕಿ ಬೆಳಕಲ್ಲಿ ನನಗೆ ಸರಿಯಾಗಿ..."

"ಕಣ್ಣಾರೆ ನೋಡಿದೆ ಅಂದ್ರಿ. ಇನ್ನೊಂದು ವಿಷಯ. ಅವನು ಕೋಳಿ ಮುಟ್ಟಲ್ಲ. ಅದಕ್ಕೇ ಆ ಒಲೆ ಅಲ್ಲಿರೋದು. ಮೂರು ಸಲ ಜೊತೇಲಿ ಬಂದು, ಮೂರು ಸಲಾನೂ ಅವನು ದೂರ ಕೂತು ಮುದ್ದೆ ತಿನ್ನೋದು ನೋಡಿದ್ದೀರಿ. ಯಾಕೆ ಅಂತ ಒಂದು ಸಲ ಕೇಳಿದ್ದಿದ್ರೆ ಈ ಸುಳ್ಳು ಹೇಳ್ತಿರಲಿಲ್ಲ. ಬೇರೆ ಯಾವುದಾದ್ರೂ ಹೇಳ್ತಿದ್ರಿ."

ಅವನು ಕವರನ್ನು ಕೆಳಗಿಟ್ಟ.

"ಈ ದಂಡೆ ಮಣ್ಣು ನೋಡಿ," ಮಧುಶ್ರೀ ಅದೇ ದನಿಯಲ್ಲಿ ಮುಂದುವರಿಸಿದಳು. "ಕೆಂಪು ಗರಸು. ನಿಮ್ಮ ಬೂಟಿಗೆ ಅಂಟಿರೋದು ಕಪ್ಪು ಗೋಡುಮಣ್ಣು. ಅದು ಇರೋದು ಕೆರೆ ಆಚೆ ದಡದಲ್ಲಿ ಮಾತ್ರ. ನಿನ್ನೆ ಬೆಳಗ್ಗೆ ಟೆಂಟಲ್ಲಿ ಮಲಗಿದ್ದೆ ಅಂತ ಬರೆಸಿದ್ದೀರಿ."

"ಮೇಡಂ, ನಾನು ಭಾವನ್ನ ಮುಟ್ಟಿಲ್ಲ!"

"ಮುಟ್ಟಿದ್ರಿ ಅಂತ ನಾನು ಅಂದಿಲ್ಲ."

"ನಮ್ಮಕ್ಕನ ಗಂಡ ಕಣ್ರೀ ಅವನು! ವನಜಕ್ಕ ಆಸ್ಪತ್ರೇಲಿ ಕೂತವ್ಳೆ. ನಾನು..." ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಪಟ್ಟಣದ ಮಾತೆಲ್ಲ ಉದುರಿ ಬಿತ್ತು. "ಬಲೆ ಬಿಟ್ಟಿದ್ದೆ. ಅಷ್ಟೇಯ. ಆಚೆ ದಡದಲ್ಲಿ ಬಲೆ ಬಿಟ್ಟಿದ್ದೆ."

"ಬಲೆ?"

"ಭಾವಂಗೆ ಆಗಲ್ಲ. ಮೀನು ಹಿಡಿದು ಮುತ್ತಿಟ್ಟು ವಾಪಸ್ ನೀರಿಗೆ ಬಿಡ್ತಾರೆ ಇಬ್ರೂ. ಎರಡು ಕೇಜಿ ಗೆಂಡೆನೂ ಬಿಡ್ತಾರೆ! ನನಗೆ ಹೊಟ್ಟೆ ಉರಿಯೋದು. ಹೋಗೋವಾಗ ಮನೆಗೆ ನಾಲ್ಕು ಮೀನು ಒಯ್ಯೋಣ ಅಂತ ಸಂಜೆ ಕದ್ದು ಬಲೆ ಬಿಟ್ಟೆ, ಬೆಳಗ್ಗೆ ಐದಕ್ಕೆದ್ದು ತೆಗೆಯೋಕೆ ಹೋದೆ. ಗೊತ್ತಾದ್ರೆ ಭಾವ ಇನ್ನೊಂದು ಸಲ ಕರ್ಕಂಡು ಬರ್ತಿರಲಿಲ್ಲ."

ಹುಚ್ಚರಂಗಯ್ಯ ಹಣೆ ಚಚ್ಚಿಕೊಂಡ. "ನಾಲ್ಕು ಗೆಂಡೆ ಮೀನಿಗೆ ಒಬ್ಬನ್ನ ಜೈಲಿಗೆ ಕಳಿಸ್ತಿದ್ದೆಯಲ್ಲಪ್ಪಾ."

"ಸುಮ್ನೆ ಕಳಿಸಿಲ್ಲ! ಅವನೇ ಅಂತ ಅಂದ್ಕಂಡೇ ಹೇಳಿದ್ದು. ಆ ದಡದಿಂದ ನೋಡಿದೆ ನಾನು. ಇನ್ನೂ ಮಬ್ಬು ಮಬ್ಬು. ತೂಬಿನ ಹತ್ರ ಭಾವ ಗಾಳ ಬೀಸ್ತಾ ನಿಂತಿದ್ದ. ಪಕ್ಕದಲ್ಲಿ ಇನ್ನೊಬ್ಬರು. ತಲೆ ತುಂಬ ಕಂಬಳಿ ಕೊಪ್ಪೆ ಹಾಕ್ಕಂಡಿದ್ರು. ಈ ಕಡೆ ಹಟ್ಟಿಯೋರು ಬಿಟ್ರೆ ಇನ್ಯಾರು ಕಂಬಳಿ ಹೊದೀತಾರೆ? ಚಿತ್ತೇಶ್ ಅಂದ್ಕಂಡೆ, ಬಲೆ ನೋಡಿದ್ನೇನೋ ಅಂತ ಜೊಂಡಿನಲ್ಲಿ ಬಗ್ಗಿದೆ. ಎದ್ದಾಗ ಯಾರೂ ಇರಲಿಲ್ಲ."

"ಬಿದ್ದದ್ದು ನೋಡಲಿಲ್ಲ."

"ಇಲ್ಲ. ನಮ್ಮಕ್ಕನ ಮೇಲಾಣೆ ಇಲ್ಲ. ಸುತ್ತಾಕ್ಕಂಡು ಬರೋ ಹೊತ್ತಿಗೆ..." ಅವನು ನಿಲ್ಲಿಸಿದ. "ಆಮೇಲೆ ಸಾಹೇಬ್ರು ನೊಣ ತೋರಿಸಿ, ಇದು ಯಾರದ್ದು ಅಂದ್ರು. ಅವನೇ ಅಂತ ಮನಸಲ್ಲಿತ್ತು. ಕಟ್ಟಿದ್ದನ್ನ ನೋಡ್ದೆ ಅಂದ್ಬಿಟ್ರೆ ಗಟ್ಟಿಯಾಗ್ತದೆ ಅಂತ ಸೇರಿಸ್ದೆ."

"ಕಂಬಳಿಯವರು ಎತ್ತರ ಇದ್ರಾ?"

ಅವನು ತಿರುಗಿ ತೂಬಿನ ಕಡೆ ನೋಡಿದ. ಮೊದಲ ಬಾರಿಗೆ ನಿಜವಾಗಿ ಯೋಚಿಸುತ್ತಿದ್ದಾನೆ ಅನ್ನಿಸಿತು.

"ಭಾವನ ಭುಜದವರೆಗೆ ಬರ್ತಿದ್ರು," ಅಂದ. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ಚಿತ್ತೇಶ್ ಭಾವಂಗಿಂತ ಒಂದು ಗೇಣು ಎತ್ತರ ಅವ್ನೆ."

ಹೊಸ ಹೇಳಿಕೆ ಬರೆಸಿ, ಸಹಿ ಹಾಕಿಸಿ ಠಾಣೆ ಸೇರುವಷ್ಟರಲ್ಲಿ ಮೂರೂಮುಕ್ಕಾಲು. ಶ್ರೀರಂಗಯ್ಯನವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಪುಕ್ಕದ ಕವರು ನೋಡಿದರು, ಡಬ್ಬಿ ತೆಗೆದು ನೋಡಿದರು. ಹಟ್ಟಿಯ ಪದ್ಧತಿಯ ಬಗ್ಗೆ ಹುಚ್ಚರಂಗಯ್ಯ ಅಂದುಕೊಂಡಿದ್ದ ಮಾತನ್ನೇ ಹೇಳಿದರು. ಹ್ಯಾಟೆಯ ಪುಕ್ಕವನ್ನು ಮಾತ್ರ ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಿದರು.

"ಆಯ್ತಮ್ಮಾ," ಅಂದರು ಕೊನೆಗೆ. "ಸಾಕ್ಷಿ ಕೈಕೊಟ್ಟ ಮೇಲೆ ಕೋರ್ಟಿಗೆ ಹೋಗಿ ನಗೆಪಾಟಲಾಗೋದು ಬೇಡ. ಬರ್ಕೊಂಡು ಬಿಟ್ಟು ಕಳಿಸು. ಊರು ಬಿಟ್ಟು ಹೋಗಬಾರದು ಅಂತ ಹೇಳು."

ಚಿತ್ತೇಶ್ ಒಳಗೆ ಗೋಡೆಗೊರಗಿ ಕೂತಿದ್ದ. ಮಧುಶ್ರೀ ಬಂದದ್ದು ಕಂಡು ಎದ್ದು ನಿಂತ. ತಂತಿ ಸುತ್ತಿ ಸುತ್ತಿ ಅವನ ಬಲಗೈ ಹೆಬ್ಬೆರಳಿನಲ್ಲಿ ಗೆರೆ ಬಿದ್ದಿತ್ತು.

"ರೇಣುಕ ಕಣ್ಣು ಬುಟ್ಟನಾ ಮೇಡಂ?"

"ಇನ್ನೂ ಇಲ್ಲ."

"ಅವನ ಗಾಳ ನೀರಲ್ಲೇ ಐತೆನೋ. ಅದು ಅಂದ್ರೆ ಜೀವ ಅವನಿಗೆ. ಯಾರಾದ್ರೂ ಎತ್ತಿಡ್ಲಿ."

"ಎತ್ತಿಟ್ಟಿದ್ದೀವಿ. ನೀನು ಮನೆಗೆ ಹೋಗಬಹುದು ಚಿತ್ತೇಶ್. ಒಂದು ಸೈನ್ ಹಾಕು, ಸಾಕು."

ಅವನು ನಂಬಲಿಲ್ಲ. ಅವಳ ಮುಖ ನೋಡಿದ, ಬಾಗಿಲಲ್ಲಿ ನಿಂತಿದ್ದ ಹುಚ್ಚರಂಗಯ್ಯನ ಮುಖ ನೋಡಿದ.

"ಹೋಗ್ಲಾ ಮಾರಾಯ," ಹುಚ್ಚರಂಗಯ್ಯ ಅಂದ. "ಕೋಳಿ ನಿನ್ನ ಕಾಪಾಡ್ತು. ಇನ್ಮೇಲಾದ್ರೂ ಅದುಕ್ಕೊಂದು ನಮಸ್ಕಾರ ಹಾಕು."

ಚಿತ್ತೇಶನ ಮುಖದಲ್ಲಿ ನಿನ್ನೆಯಿಂದ ಮೊದಲ ಸಲ ನಗೆಯ ಸುಳಿವು ಕಂಡಿತು. ನೀರು ಕೇಳಿ ಒಂದು ಚೊಂಬು ಗಟಗಟ ಕುಡಿದ. "ಏನು ಕೋಳಿ? ನನಗರ್ಥ ಆಗ್ಲಿಲ್ಲ."

"ರೇಣುಕಪ್ರಸಾದನ ಮುಷ್ಟೀಲಿ ಸಿಕ್ಕಿದ ನೊಣ ನೀನು ಕಟ್ಟಿದ್ದಲ್ಲ ಅಂತ ಗೊತ್ತಾಯ್ತು. ಅದಕ್ಕೆ ಹುಂಜದ ಗರಿ ಹಾಕಿದಾರೆ."

"ಯಾವ ನೊಣ? ನನಗ್ಯಾರೂ ತೋರಿಸೇ ಇಲ್ಲ."

ಅದು ನಿಜವಾಗಿತ್ತು. ನಿನ್ನೆ ಕೇಳಿದ್ದರು, ಬೈದಿದ್ದರು, ಬರೆದುಕೊಂಡಿದ್ದರು. ವಸ್ತುವನ್ನು ಮಾತ್ರ ಅವನ ಮುಂದೆ ಹಿಡಿದಿರಲಿಲ್ಲ. ಮಧುಶ್ರೀ ಕವರು ಕೊಟ್ಟಳು.

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಮೊದಲು ಗರಿ ನೋಡಿದ. ಗರಿ ಕಂಡು ಅವನ ಮುಖ ಬದಲಾಗಲಿಲ್ಲ. ಆಮೇಲೆ ಕವರನ್ನು ಮೆಲ್ಲಗೆ ತಿರುಗಿಸಿ ತಂತಿ ನೋಡಿದ. ಅವನ ಹೆಬ್ಬೆರಳು ತಂತಿಯ ಮೇಲೆ, ಪ್ಲಾಸ್ಟಿಕ್ಕಿನ ಹೊರಗಿನಿಂದಲೇ, ಸುತ್ತು ಎಣಿಸುವಂತೆ ಸರಿಯುತ್ತಾ ಹೋಗಿ ಒಂದು ಕಡೆ ನಿಂತುಬಿಟ್ಟಿತು.

ನಗೆ ಹೋಗಿತ್ತು. ಅವನು ಕವರನ್ನು ವಾಪಸು ಕೊಡಲಿಲ್ಲ.

ಮಧುಶ್ರೀ ಕಾಳಕ್ಕನ ಡಬ್ಬಿ ತೆರೆದು ಒಂದು ನೊಣ ತೆಗೆದು ಅವನ ಕೈಯಲ್ಲಿದ್ದುದರ ಪಕ್ಕ ಹಿಡಿದಳು. ಎರಡಕ್ಕೂ ಅದೇ ತಂತಿ, ಅಷ್ಟೇ ಬಿಗಿ, ಅಷ್ಟೇ ಅಂತರ. ಆದರೆ ಚಿತ್ತೇಶನ ಸುತ್ತು ಬಲಕ್ಕೆ ಹೋಗಿತ್ತು. ಕವರಿನಲ್ಲಿದ್ದದ್ದು ಎಡಕ್ಕೆ. ಅವನ ಹತ್ತಿರವೇ ಕಲಿತ, ಎಡಗೈಯವರ ಸುತ್ತು.

"ನಿನ್ನ ಅಂಗಡೀಲಿ ತಂತಿ ಸುತ್ತೋದು ಯಾರಿಗೆ ಕಲಿಸಿದ್ದೀಯ ಚಿತ್ತೇಶ್?"

"ಯಾರಿಗೂ ಇಲ್ಲ."

"ಇದು ಯಾರು ಕಟ್ಟಿದ್ದು?"

"ನಾನೇ."

"ಹುಂಜದ ಗರಿ ಹಾಕಿ?"

"ಹ್ಞೂಂ. ನಾನೇ ಕಟ್ಟಿದ್ದು. ರೇಣುಕಂಗೆ ಹೊಡೆದದ್ದೂ ನಾನೇ. ಹೆಂಗೆ ಹೊಡ್ದೆ, ಯಾವ ಕಲ್ಲು, ಎಲ್ಲ ಹೇಳ್ತೀನಿ, ಬರ್ಕಳಿ." ಕಂಬಳಿ ಕೊಪ್ಪೆಯ ಆ ಕುಳ್ಳಗಿನವರು ಯಾರೆಂದು ಅವನಿಗೆ ಗೊತ್ತಾಗಿದೆ, ಅವರನ್ನು ಉಳಿಸಲು ಹೊರಟಿದ್ದಾನೆ ಎಂದು ಮಧುಶ್ರೀಗೆ ಅನ್ನಿಸಿತು. ಬಿಡುಗಡೆಯ ಕಾಗದ ಮೇಜಿನ ಮೇಲಿತ್ತು. ಅವನು ಅದನ್ನು ಎತ್ತಿ ನಾಲ್ಕು ಮಡಿಕೆ ಮಡಿಸಿ ಅವಳ ಮುಂದಿಟ್ಟ.

"ಲೇ, ತಲೆ ಕೆಟ್ಟೈತೇನ್ಲಾ ನಿಂಗೆ?" ಹುಚ್ಚರಂಗಯ್ಯ ಬಾಗಿಲಿನಿಂದ ಒಳಕ್ಕೆ ಬಂದ.

ಚಿತ್ತೇಶ್ ಅವನ ಕಡೆ ತಿರುಗಲೂ ಇಲ್ಲ. ಗೋಡೆಯ ಗಡಿಯಾರ ನೋಡಿದ. ನಾಲ್ಕು ಹತ್ತು.

"ಐದಕ್ಕಲ್ವಾ ಮೇಡಂ ಕೋರ್ಟು?" ಅಂದ. "ಜೀಪು ತೆಗೆಸಿ, ಹೊರಡಣ. ಹೊತ್ತು ಮೀರಿ ಹೋದಾತು."